ಧಾರವಾಡದ ಮಾಳಿಗೆ ಮೇಲೆ ಡಾಪ್ಲರ್ ಲೆಕ್ಕ

ಜಿಪಿಎಸ್ ಬಿಟ್ಟು, ಬರೀ ಒಂದು ಹವಾಮಾನ ಉಪಗ್ರಹದ ಸಿಗ್ನಲ್ ಹಿಡಿದು ನಮ್ಮ ಮನೆ ಎಲ್ಲಿದೆ ಅಂತ ಕಂಡುಹಿಡಿಯಬಹುದಾ? ಧಾರವಾಡದ ನಮ್ಮ ಮಾಳಿಗೆ ಮೇಲೆ ಅದನ್ನೇ ಮಾಡಿ ನೋಡಿದೆ.

ಸಾಮಾನು ಜಾಸ್ತಿ ಏನಿಲ್ಲ. ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್), ಲ್ಯಾಪ್‌ಟಾಪ್, 53 ಸೆಂಟಿಮೀಟರ್‌ನ ಎರಡು ಅಲ್ಯೂಮಿನಿಯಂ ಕಡ್ಡಿ. ಕಡ್ಡಿಗಳನ್ನು 120 ಡಿಗ್ರಿ ಅಗಲಿಸಿ ಅಡ್ಡ ಕಟ್ಟಿದರೆ ಆಂಟೆನಾ ಆಯ್ತು. "ಇದೇನ್ರಿ, ಅರಿವಿ ಒಣಹಾಕಾಕೇನು?" ಅಂತ ಪಕ್ಕದ ಮನೆ ಕಾಕು ಕೇಳಿದರು. ಮನೆಯ ಅಗ್ಗದ ಎಲ್‌ಇಡಿ ಬಲ್ಬುಗಳ ರೇಡಿಯೋ ಗದ್ದಲ ಎಷ್ಟಿತ್ತೆಂದರೆ, ಕರೆಂಟ್ ಹೋದಾಗಲೇ ರೆಕಾರ್ಡಿಂಗ್ ಚೆನ್ನಾಗಿ ಬಂತು!

ನಾನು ಹಿಡಿದಿದ್ದು ರಷ್ಯಾದ ಮೀಟಿಯೋರ್-ಎಂ. ಎತ್ತರ ಸುಮಾರು 820 ಕಿ.ಮೀ., ಸಿಗ್ನಲ್ 137.9 ಮೆಗಾಹರ್ಟ್ಸ್. ಹತ್ತಿರ ಬರುವಾಗ ಅದು ಸುಮಾರು 3 ಕಿಲೋಹರ್ಟ್ಸ್ ಜಾಸ್ತಿ ಕೇಳುತ್ತೆ, ದೂರ ಹೋಗುವಾಗ ಅಷ್ಟೇ ಕಮ್ಮಿ. ಇದಕ್ಕೇ ಡಾಪ್ಲರ್ ಪರಿಣಾಮ ಅನ್ನೋದು. ಮಧ್ಯದಲ್ಲಿ ಈ ವ್ಯತ್ಯಾಸ ಸೊನ್ನೆ ದಾಟುವ ಕ್ಷಣವೇ ಉಪಗ್ರಹ ನಮಗೆ ತೀರಾ ಹತ್ತಿರ ಇರುವ ಕ್ಷಣ. ಸಮಯ ಕಳೆದಂತೆ ವ್ಯತ್ಯಾಸ ಹೇಗೆ ಬದಲಾಯ್ತು ಅಂತ ಗ್ರಾಫ್ ಹಾಕಿದಾಗ, ಗೆರೆ ಕಡಿದಾಗಿ ಬಿದ್ದರೆ ತಲೆ ಮೇಲೇ ಹೋಗಿದೆ, ನಿಧಾನ ಇಳಿದರೆ ಬದಿಯಿಂದ ಹೋಗಿದೆ. ಅಮೆರಿಕದ ನೌಕಾಪಡೆಯ ಟ್ರಾನ್ಸಿಟ್ ವ್ಯವಸ್ಥೆ 1964ರಲ್ಲೇ ಇದೇ ಲೆಕ್ಕದಲ್ಲಿ ದಾರಿ ಹುಡುಕುತ್ತಿತ್ತು.

ಉಪಗ್ರಹದ ಕಕ್ಷೆಯ ವಿವರ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತೆ. ಪೈಥಾನ್ ಪ್ರೋಗ್ರಾಮಿಗೆ ಅದನ್ನೂ ಗ್ರಾಫನ್ನೂ ಕೊಟ್ಟು ಅಕ್ಷಾಂಶ, ರೇಖಾಂಶ ಹುಡುಕಲು ಬಿಟ್ಟೆ. ಡಾಂಗಲ್‌ನ ಕ್ರಿಸ್ಟಲ್ (ಆವರ್ತನ ಅಳೆಯಲು ಅದು ನಂಬುವ ಗಡಿಯಾರ) ಮಾಡುವ ತಪ್ಪನ್ನೂ ಅದೇ ಲೆಕ್ಕದೊಳಗೆ ಸೇರಿಸಲೇಬೇಕು. ಹತ್ತು ಲಕ್ಷಕ್ಕೆ ಒಂದು ಭಾಗ ತಪ್ಪಿದರೂ 138 ಹರ್ಟ್ಸ್ ವ್ಯತ್ಯಾಸ. ಬಿಸಿಲಿಗೆ ಕಾದರೆ ಅದೂ ಸರಿಯುತ್ತಾ ಹೋಗುತ್ತೆ, ಹಾಗಾಗಿ ಡಾಂಗಲ್ ನೆರಳಲ್ಲಿರಲಿ.

ಉಪಗ್ರಹ ಒಂದು ಸಲ ಹಾದುಹೋದದ್ದಕ್ಕೆ ಎರಡು ಉತ್ತರ ಬಂದವು, ಅದರ ದಾರಿಯ ಆಚೆಗೊಂದು, ಈಚೆಗೊಂದು. ಒಂದು ಅರಬ್ಬೀ ಸಮುದ್ರದಲ್ಲಿ, ಇನ್ನೊಂದು ಧಾರವಾಡದ ಪಕ್ಕದ ನವಲೂರಿನ ಪೇರಲ ತೋಟಗಳ ಹತ್ತಿರ. ಸಮುದ್ರದ್ದನ್ನು ಬಿಟ್ಟೆ ಅನ್ನಿ.

ಜಿಪಿಎಸ್ ಇರುವಾಗ ಇಂಥ ಕೆಳಗಿನ ಉಪಗ್ರಹ ಯಾಕೆ ಬೇಕು? ಜಿಪಿಎಸ್ ಉಪಗ್ರಹಗಳು 20,200 ಕಿ.ಮೀ. ಮೇಲೆ, 12 ಗಂಟೆಗೊಂದು ಸುತ್ತು. ಹತ್ತು ನಿಮಿಷ ಕಾದರೂ ಅವುಗಳ ಕೋನ ಅಷ್ಟಾಗಿ ಬದಲಾಗಲ್ಲ. ಬೇಸ್ ಸ್ಟೇಷನ್ (ಹತ್ತಿರದಲ್ಲೇ ಗೊತ್ತಿರುವ ಜಾಗದಲ್ಲಿಟ್ಟ ಇನ್ನೊಂದು ರಿಸೀವರ್) ಇಲ್ಲದೆ ಸರ್ವೆ ಮಾಡುವವರು ಸೆಂಟಿಮೀಟರ್ ಮಟ್ಟಕ್ಕೆ ಬರಲು ತುಂಬಾ ಹೊತ್ತು ಕಾಯೋದು ಇದಕ್ಕೇ. ಕೆಳಗಿನ ಉಪಗ್ರಹ ಆ ಹತ್ತು ನಿಮಿಷದಲ್ಲೇ ಅರ್ಧ ಆಕಾಶ ದಾಟಿರುತ್ತೆ. ಸುಮಾರು 25 ಪಟ್ಟು ಹತ್ತಿರ ಇರೋದರಿಂದ, ಅಷ್ಟೇ ಪವರ್ ಕೊಟ್ಟರೂ ಸಿಗ್ನಲ್ 600 ಪಟ್ಟು ಬಲವಾಗಿ ಮುಟ್ಟುತ್ತೆ. ಕ್ಸೋನಾ ಎಂಬ ಅಮೆರಿಕದ ಕಂಪನಿ 2025ರ ಜೂನ್‌ನಲ್ಲಿ ಹೀಗೆ ಕೆಳಗಿನಿಂದಲೇ ದಾರಿ ತೋರಿಸುವ ಕೆಲಸಕ್ಕೆ ಒಂದು ಉಪಗ್ರಹ ಹಾರಿಸಿದೆ. ಆದರೆ ಕೆಳಗಿದ್ದಷ್ಟೂ ಕಾಣುವ ನೆಲ ಕಮ್ಮಿ, ಹಾಗಾಗಿ ನೂರಾರು ಬೇಕು.

ನನ್ನ ಉತ್ತರ ಮನೆಯಿಂದ ಕೆಲವು ಕಿಲೋಮೀಟರ್ ಆಚೆ ಬೀಳಲು ದೊಡ್ಡ ಕಾರಣ ಆ ಪುಕ್ಕಟೆ ಕಕ್ಷೆ ವಿವರವೇ. ಅದರಲ್ಲೇ ಕಿಲೋಮೀಟರ್‌ಗಟ್ಟಲೆ ತಪ್ಪಿರಬಹುದು, ಹಳೆಯದಾದಷ್ಟೂ ಇನ್ನೂ ಜಾಸ್ತಿ. ನೀವು ಮಾಡಿ ನೋಡುವುದಾದರೆ ಅವತ್ತಿನ ವಿವರವನ್ನೇ ಇಳಿಸಿಕೊಳ್ಳಿ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಹಾದ ಸುತ್ತುಗಳನ್ನು ಸೇರಿಸಿ ಲೆಕ್ಕ ಹಾಕಿ.