ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುನ್ನ ಮತ್ತು ಕೂರಿಸುವಾಗ

ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕುವಾಗ ಸ್ಕ್ರೂಡ್ರೈವರ್ ಹಿಡಿದು ಮಾಡುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಯಾವ ಕಾರ್ಡ್ ತರಬೇಕು ಎಂಬ ತೀರ್ಮಾನಕ್ಕೇ ಹೆಚ್ಚು ಸಮಯ ಬೇಕು, ಏಕೆಂದರೆ ಆ ತೀರ್ಮಾನ ಬಹುಮಟ್ಟಿಗೆ ನಿಮ್ಮ ಹಳೆಯ ಯಂತ್ರದ ಕೈಯಲ್ಲಿದೆ. ಆದ್ದರಿಂದ ಕಾರ್ಡ್ ಕೊಳ್ಳುವ ಮೊದಲೇ ಕ್ಯಾಬಿನೆಟ್ಟಿನ ಪಕ್ಕದ ಹಲಗೆ ತೆಗೆದು, ಒಳಗೆ ಏನಿದೆ ಎಂದು ನಿಧಾನವಾಗಿ ನೋಡಿ, ಕಂಡದ್ದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮೊದಲು ನೋಡಬೇಕಾದದ್ದು ಎಸ್‌ಎಂಪಿಎಸ್, ಅಂದರೆ ಯಂತ್ರದ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಪೆಟ್ಟಿಗೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಒಟ್ಟು ವ್ಯಾಟ್ ಸಂಖ್ಯೆಯನ್ನು ನಂಬಿ ಲೆಕ್ಕ ಹಾಕಬೇಡಿ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಮುಖ್ಯವಾಗಿ 12 ವೋಲ್ಟ್ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ಹೀಗಾಗಿ ಲೇಬಲ್ಲಿನ ಕೋಷ್ಟಕದಲ್ಲಿ ಆ ಸಾಲಿನ ಎದುರು ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅದನ್ನು 12ರಿಂದ ಗುಣಿಸಿ. 450 ವ್ಯಾಟ್ ಎಂದು ಹೇಳಿಕೊಳ್ಳುವ ಹಳೆಯ ಎಸ್‌ಎಂಪಿಎಸ್ ಒಂದರಲ್ಲಿ ಅಲ್ಲಿ 20 ಆಂಪಿಯರ್ ಎಂದಷ್ಟೇ ಇದ್ದರೆ ನಿಮಗೆ ಸಿಗುವುದು 240 ವ್ಯಾಟ್. ಅದರಲ್ಲಿ ಪ್ರೊಸೆಸರಿಗೆ 65ರಿಂದ 95 ವ್ಯಾಟ್, ಮದರ್‌ಬೋರ್ಡ್, ಡಿಸ್ಕ್ ಮತ್ತು ಫ್ಯಾನ್‌ಗಳಿಗೆ ಸುಮಾರು 50 ವ್ಯಾಟ್ ಕಳೆಯಿರಿ. ಉಳಿದದ್ದರಲ್ಲಿಯೂ ಮೂರನೆಯ ಒಂದು ಭಾಗವನ್ನು ಮುಟ್ಟದೆ ಬಿಡುವುದು ಒಳ್ಳೆಯದು. ಹತ್ತು ವರ್ಷ ಬಿಸಿಯಲ್ಲಿ ದುಡಿದ ಕೆಪಾಸಿಟರ್‌ಗಳು ಹೊಸದಾಗಿದ್ದಾಗಿನ ಬಲವನ್ನು ಉಳಿಸಿಕೊಂಡಿರುವುದಿಲ್ಲ.

ಮದರ್‌ಬೋರ್ಡಿನಲ್ಲಿ ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿಯೇ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಅದಕ್ಕಿಂತ ಹೆಚ್ಚು ಬೇಕಿರುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ ಬರುವ ಕೇಬಲ್ ಬೇಕು: 6 ಪಿನ್ನಿನದು ಇನ್ನೂ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಕೊಡುವಂತೆ ರೂಪಿಸಲಾಗಿದೆ. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಇಂಥ ಕೇಬಲ್ ಇಲ್ಲದಿದ್ದರೆ, ಡಿಸ್ಕ್‌ಗಳಿಗೆ ವಿದ್ಯುತ್ ಕೊಡುವ ಸಾಟಾ ಪ್ಲಗ್ಗನ್ನು 6 ಅಥವಾ 8 ಪಿನ್ನಿಗೆ ಬದಲಿಸಿಕೊಡುವ ಅಡಾಪ್ಟರ್ ತಂದು ಕೆಲಸ ಸಾಗಿಸಬೇಡಿ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಮೀಸಲಾದ ಮೂರು ತೆಳು ಪಿನ್‌ಗಳಿದ್ದು, ಒಂದೊಂದಕ್ಕೆ 1.5 ಆಂಪಿಯರ್ ಮಿತಿ. ಒಟ್ಟು 54 ವ್ಯಾಟ್ ಮಾತ್ರ. ಪರಿಚಿತರೊಬ್ಬರ ಯಂತ್ರ ಆಟದ ನಡುವೆ ಆರಿಹೋಗುತ್ತದೆಂದು ತೆರೆದು ನೋಡಿದಾಗ, ಇಂಥದೇ ಅಡಾಪ್ಟರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಎಳೆದರೂ ಬಿಡದಂತೆ ಪಿನ್ನುಗಳಿಗೆ ಅಂಟಿಕೊಂಡಿದ್ದನ್ನು ನಾನು ಕಂಡಿದ್ದೇನೆ. ಸುಟ್ಟ ವಾಸನೆ ಬರುವವರೆಗೆ ಯಾರಿಗೂ ಅನುಮಾನ ಬಂದಿರಲಿಲ್ಲ. ಎಸ್‌ಎಂಪಿಎಸ್ ಸಾಲದೆಂದು ತೋರಿದರೆ ಅದನ್ನೇ ಬದಲಿಸಿ, ಇಲ್ಲವೇ ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಕಾರ್ಡನ್ನು ಆರಿಸಿ. 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ ಇವುಗಳಲ್ಲಿ ಹೆಚ್ಚುವರಿ ಕೇಬಲ್ ಬೇಡದ ಮಾದರಿಗಳಿವೆ. ಕಚೇರಿ ಬಳಕೆಗೆಂದು ತಯಾರಾದ ಬ್ರಾಂಡೆಡ್ ಡೆಸ್ಕ್‌ಟಾಪ್‌ಗಳಿಗೆ ನಾನು ಮೊದಲು ಸೂಚಿಸುವುದು ಇವನ್ನೇ, ಏಕೆಂದರೆ ಅಂಥ ಹಲವು ಯಂತ್ರಗಳ ಎಸ್‌ಎಂಪಿಎಸ್ ಮತ್ತು ಅದರ ಪ್ಲಗ್ಗುಗಳು ಸಾಮಾನ್ಯ ಅಳತೆಯವಲ್ಲ. ಬದಲಿಸಹೊರಟರೆ ಹೊಂದುವುದು ಸಿಗುವುದಿಲ್ಲ.

ಜಾಗವನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳತೆಪಟ್ಟಿಯಿಂದಲೇ ಅಳೆಯಿರಿ. ಹಿಂಬದಿಯ ತಗಡಿನಿಂದ ಎದುರಿನ ಹಾರ್ಡ್ ಡಿಸ್ಕ್ ಗೂಡಿನವರೆಗಿನ ಉದ್ದ, ಕಾರ್ಡಿನ ದಪ್ಪಕ್ಕೆ ಎರಡು ಸ್ಲಾಟ್ ಜಾಗ ಇದೆಯೇ ಎಂಬುದು, ಉದ್ದದ ಕಾರ್ಡ್ ಕುಳಿತರೆ ಮದರ್‌ಬೋರ್ಡಿನ ಸಾಟಾ ಪೋರ್ಟುಗಳು ಅದರ ಅಡಿಗೆ ಸಿಕ್ಕಿಬೀಳುತ್ತವೆಯೇ ಎಂಬುದು, ಇವೆಲ್ಲ ಅಂಕಿಯಲ್ಲಿ ಕಾಗದದ ಮೇಲಿರಲಿ. ಕ್ಯಾಬಿನೆಟ್ ತೆಳ್ಳಗಿನದಾದರೆ ಅರ್ಧ ಎತ್ತರದ ಕಾರ್ಡ್ ಮತ್ತು ಅದಕ್ಕೆ ಹೊಂದುವ ಗಿಡ್ಡ ಬ್ರಾಕೆಟ್ ಬೇಕಾಗುತ್ತದೆ.

ಸ್ಲಾಟಿನ ವಿಷಯದಲ್ಲಿ ಒಂದು ಸಮಾಧಾನವಿದೆ: ಪಿಸಿಐ ಎಕ್ಸ್‌ಪ್ರೆಸ್‌ನ ಹೊಸ ಪೀಳಿಗೆಯ ಕಾರ್ಡ್ ಹಳೆಯ ಪೀಳಿಗೆಯ ಸ್ಲಾಟಿನಲ್ಲಿಯೂ ನಡೆಯುತ್ತದೆ, ವೇಗ ಮಾತ್ರ ಹಳೆಯದರ ಮಟ್ಟಕ್ಕೆ ಇಳಿಯುತ್ತದೆ. ಪೂರ್ತಿ 16 ಲೇನ್ (ಸ್ಲಾಟಿನಲ್ಲಿ ದತ್ತಾಂಶ ಓಡಾಡುವ ದಾರಿಗಳು) ಬಳಸುವ ಕಾರ್ಡಿಗೆ ಇದರಿಂದ ಆಗುವ ನಷ್ಟ ಅಲ್ಪ. ಆದರೆ 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಮತ್ತು ಆರ್‌ಎಕ್ಸ್ 6400 ಕಾರ್ಡುಗಳಲ್ಲಿ 4 ಲೇನ್ ಮಾತ್ರ ಇವೆ, 4.0 ಪೀಳಿಗೆಯ ಬೋರ್ಡಿನಲ್ಲಿ ಸಲೀಸಾಗಿ ನಡೆಯುವ ಇವು, 3.0 ಪೀಳಿಗೆಯ ಹಳೆಯ ಬೋರ್ಡಿಗೆ ಬಂದರೆ ಅರ್ಧ ಅಗಲದ ದಾರಿಯಲ್ಲಿ ಓಡಾಡಬೇಕಾಗುತ್ತದೆ, ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸತೊಡಗುತ್ತದೆ. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ, ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಪೂರ್ತಿಯಾಗಿ ತಲುಪುವಂತೆ ಮಾಡುವ ರಿಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು, ಅದು ಹಳೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದಿದ್ದರೆ ಅವುಗಳ ವೇಗ ಬಹಳ ಕುಗ್ಗುತ್ತದೆ.

ಯಂತ್ರ ಆರಂಭವಾಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶವೇ ಬಯೋಸ್; ಯುಇಎಫ್ಐ ಅದರ ಹೊಸ ರೂಪ. ಯುಇಎಫ್ಐ ಇಲ್ಲದ ಹಳೆಯ ಬಯೋಸ್ ಇರುವ ಬೋರ್ಡುಗಳಲ್ಲಿ ಕೆಲವು ಹೊಸ ಕಾರ್ಡುಗಳು ಪರದೆಯ ಮೇಲೆ ಏನನ್ನೂ ಮೂಡಿಸುವುದಿಲ್ಲ. ಬೋರ್ಡ್ ತಯಾರಕರು ಹೊಸ ಬಯೋಸ್ ಆವೃತ್ತಿ ಕೊಟ್ಟಿದ್ದರೆ, ಹಳೆಯ ಕಾರ್ಡ್ ಇರುವಾಗಲೇ ಅದನ್ನು ಹಾಕಿ ಮುಗಿಸಿ; ಆ ಕೆಲಸದ ನಡುವೆ ವಿದ್ಯುತ್ ಹೋದರೆ ಬೋರ್ಡೇ ನಿಷ್ಪ್ರಯೋಜಕವಾಗಬಹುದಾದ್ದರಿಂದ ಯುಪಿಎಸ್ ಇದ್ದರೆ ಮಾತ್ರ ಕೈಹಾಕುವುದು ಕ್ಷೇಮ.

ಪ್ರೊಸೆಸರ್ ಹೊಸ ಕಾರ್ಡಿಗೆ ಸಾಟಿಯಾದೀತೇ ಎಂದು ಖರ್ಚಿಲ್ಲದೆ ಪರೀಕ್ಷಿಸಬಹುದು. ಈಗಿರುವ ಕಾರ್ಡಿನಲ್ಲೇ ನೀವು ಆಡುವ ಆಟದ ರೆಸಲ್ಯೂಷನ್ ಅನ್ನು ಅತಿ ಕಡಿಮೆಗೆ ಇಳಿಸಿ. ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ ಗಣನೀಯವಾಗಿ ಏರಿದರೆ, ಇಷ್ಟು ದಿನ ತಡೆಯಾಗಿದ್ದುದು ಕಾರ್ಡ್ ಎಂದು ತಿಳಿಯಿರಿ. ಏರದೆ ಇದ್ದಲ್ಲೇ ಇದ್ದರೆ ತಡೆ ಪ್ರೊಸೆಸರಿನದು. ಆಗ ದುಬಾರಿ ಕಾರ್ಡ್ ತರುವುದು ಹಣ ದಂಡ ಮಾಡಿದಂತೆ.

ಇನ್ನೆರಡು ಚಿಕ್ಕ ವಿಷಯಗಳಿವೆ. ಮಾನಿಟರಿನಲ್ಲಿ ವಿಜಿಎ ಪೋರ್ಟ್ ಮಾತ್ರ ಇದ್ದರೆ, ಇಂದಿನ ಕಾರ್ಡುಗಳಲ್ಲಿ ಅನಲಾಗ್ ಸಂಕೇತವೇ ಇಲ್ಲದ ಕಾರಣ ಸಂಕೇತವನ್ನು ಪರಿವರ್ತಿಸುವ ಆಕ್ಟಿವ್ ಅಡಾಪ್ಟರ್ ಬೇಕು. ವಿಂಡೋಸ್ ಹಳೆಯದಾಗಿದ್ದರೆ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸಿಗುವುದೇ ಎಂದು ನೋಡಿ: ಎನ್ವಿಡಿಯಾ 32 ಬಿಟ್ ವಿಂಡೋಸ್‌ಗೆ 2018ರಲ್ಲಿಯೂ, ವಿಂಡೋಸ್ 7 ಮತ್ತು 8ಕ್ಕೆ 2021ರಲ್ಲಿಯೂ ಹೊಸ ಗೇಮ್ ರೆಡಿ ಡ್ರೈವರ್ ಕೊಡುವುದನ್ನು ನಿಲ್ಲಿಸಿತು.

ಕಾರ್ಡ್ ಕೈಗೆ ಬಂದ ಮೇಲೆ, ಹೊಸ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಂಡು ಹಳೆಯದನ್ನು ತೆಗೆದುಹಾಕಿ. ಒಂದು ಕಂಪನಿಯ ಕಾರ್ಡಿನಿಂದ ಇನ್ನೊಂದರದಕ್ಕೆ ಹೋಗುತ್ತಿದ್ದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ತಂತ್ರಾಂಶವನ್ನು ಸೇಫ್ ಮೋಡ್‌ನಲ್ಲಿ ಓಡಿಸಿದರೆ ಹಳೆಯ ಕುರುಹುಗಳೂ ಹೋಗುತ್ತವೆ. ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ಕಿತ್ತು, ಪವರ್ ಬಟನ್ನನ್ನು ಕೆಲವು ಕ್ಷಣ ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಬಣ್ಣ ಬಳಿಯದ ಲೋಹದ ಭಾಗವೊಂದನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು, ನಂತರ ಕೆಲಸ ಆರಂಭಿಸಿ.

ಹಳೆಯ ಕಾರ್ಡನ್ನು ಕೀಳುವಾಗ ಆತುರ ಬೇಡ. ಬ್ರಾಕೆಟ್ಟಿನ ಸ್ಕ್ರೂ ಬಿಚ್ಚಿದ ಮೇಲೂ, ಸ್ಲಾಟಿನ ತುದಿಯಲ್ಲಿ ಕಾರ್ಡಿನ ಹೀಟ್‌ಸಿಂಕ್ ಅಡಿಗೆ ಅಡಗಿರುವ ಪ್ಲಾಸ್ಟಿಕ್ ಕೊಂಡಿ ಅದನ್ನು ಹಿಡಿದೇ ಇರುತ್ತದೆ. ಕೆಲವು ಬೋರ್ಡುಗಳಲ್ಲಿ ಅದನ್ನು ಕೆಳಕ್ಕೆ ಒತ್ತಬೇಕು, ಕೆಲವದರಲ್ಲಿ ಪಕ್ಕಕ್ಕೆ ಸರಿಸಬೇಕು. ಟಾರ್ಚ್ ಬಿಟ್ಟು ನೋಡಿ, ಬೆರಳು ಹೋಗದಿದ್ದರೆ ಮರದ ಚಿಕ್ಕ ಕಡ್ಡಿಯಿಂದ ಒತ್ತಿ. ಅಲ್ಲಿ ಲೋಹದ ಸ್ಕ್ರೂಡ್ರೈವರ್ ಜಾರಿದರೆ ಬೋರ್ಡಿನ ತಾಮ್ರದ ಗೆರೆ ಹರಿಯಬಹುದು. ಕೊಂಡಿ ಬಿಟ್ಟ ಮೇಲೆ ಕಾರ್ಡಿನ ಎರಡೂ ತುದಿಗಳನ್ನು ಹಿಡಿದು ನೇರವಾಗಿ ಮೇಲಕ್ಕೆತ್ತಿ.

ಹೊಸ ಕಾರ್ಡಿನ ಪೋರ್ಟುಗಳ ಮತ್ತು ಅಂಚಿನ ಮೇಲಿನ ರಕ್ಷಣಾ ಮುಚ್ಚಳಗಳನ್ನು ತೆಗೆದು, ಸ್ಲಾಟಿಗೆ ನೇರ ಹಿಡಿದು, ಎರಡೂ ಬದಿಗೆ ಸಮನಾಗಿ ಒತ್ತಿ. ಕೊಂಡಿ ಕಟ್ಟೆಂದು ಕೂರಬೇಕು, ಚಿನ್ನದ ಬಣ್ಣದ ಪಟ್ಟಿ ಎಲ್ಲಿಯೂ ಕಾಣಬಾರದು. ಸ್ಕ್ರೂ ಬಿಗಿದ ನಂತರ ವಿದ್ಯುತ್ ಕೇಬಲ್ ಜೋಡಿಸಿ. ಇಲ್ಲಿ ಒಂದು ಎಚ್ಚರ: ಪ್ರೊಸೆಸರಿನ 8 ಪಿನ್ ಪ್ಲಗ್ 4 ಮತ್ತು 4 ಆಗಿ ಬೇರ್ಪಡುತ್ತದೆ, ಕಾರ್ಡಿನದು 6 ಮತ್ತು 2 ಆಗಿ; ನೋಡಲು ಒಂದೇ ಥರ ಕಂಡರೂ ಧ್ರುವಗಳು ತಿರುಗುಮುರುಗು. ಸಲೀಸಾಗಿ ಹೋಗದ ಪ್ಲಗ್ಗಿಗೆ ಬಲ ಹಾಕಬೇಡಿ. ಎಸ್‌ಎಂಪಿಎಸ್ ಮಾಡ್ಯುಲರ್ ಆಗಿದ್ದರೆ, ಅಂದರೆ ಅದರ ಕೇಬಲ್‌ಗಳನ್ನು ಬಿಚ್ಚಿ ಜೋಡಿಸುವಂತಿದ್ದರೆ, ಬೇರೆ ಮಾದರಿಯ ಕೇಬಲ್ ಬಳಸಬಾರದು, ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು.

ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಸಿಕ್ಕಿಸದೆ ಹೊಸ ಕಾರ್ಡಿನ ಪೋರ್ಟಿಗೇ ಸಿಕ್ಕಿಸಿ ಯಂತ್ರ ಆರಂಭಿಸಿ. ಫ್ಯಾನ್ ತಿರುಗಿಯೂ ಪರದೆ ಕಪ್ಪಗಿದ್ದರೆ ಕಾರ್ಡ್ ತೆಗೆದು ಮತ್ತೆ ಕೂರಿಸಿ, ವಿದ್ಯುತ್ ಪ್ಲಗ್ ಪೂರ್ತಿ ಒಳಹೋಗಿದೆಯೇ ನೋಡಿ, ಆಮೇಲೆ ಸಿಎಂಒಎಸ್ ರೀಸೆಟ್ ಮಾಡಿ, ಅಂದರೆ ಬಯೋಸ್ ಸೆಟ್ಟಿಂಗ್‌ಗಳನ್ನು ಮೂಲ ಸ್ಥಿತಿಗೆ ತನ್ನಿ. ಚಿತ್ರ ಬಂದ ಮೇಲೆ ಡ್ರೈವರ್ ಹಾಕಿ, ಜಿಪಿಯು-ಝಡ್ ತಂತ್ರಾಂಶದಲ್ಲಿ ಕಾರ್ಡಿಗೆ ಎಷ್ಟು ಲೇನ್ ಸಿಕ್ಕಿವೆ ಎಂದು ಪರಿಶೀಲಿಸಿ. ಸುಮ್ಮನಿದ್ದಾಗ ಪೀಳಿಗೆ 1.1 ಎಂದು ಕಂಡರೆ ಗಾಬರಿ ಬೇಡ, ವಿದ್ಯುತ್ ಉಳಿಸಲು ಕಾರ್ಡ್ ವೇಗ ತಗ್ಗಿಸಿಕೊಂಡಿರುತ್ತದೆ, ಕೆಲಸ ಬಿದ್ದಾಗ ಏರುತ್ತದೆ.

ಭಾರವಾದ ಆಟವೊಂದನ್ನು ಅರ್ಧ ಗಂಟೆ ಓಡಿಸಿ ನೋಡಿ. ಆಗ ಚಿತ್ರದಲ್ಲಿ ದೋಷವಿಲ್ಲದೆ ಯಂತ್ರವೇ ಥಟ್ಟನೆ ಆರಿದರೆ ಅಥವಾ ಮರುಆರಂಭವಾದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲಿರಲಿ. ಒಂದು ವಾರದ ಬಳಕೆಯ ನಂತರ ಯಂತ್ರ ಆರಿಸಿ, ತಂತಿ ಕಿತ್ತು, ಕಾರ್ಡಿನ ವಿದ್ಯುತ್ ಪ್ಲಗ್ಗನ್ನು ಬಿಚ್ಚಿ ಪ್ಲಾಸ್ಟಿಕ್ ಬಣ್ಣ ಬದಲಾಗಿದೆಯೇ ಎಂದು ಒಮ್ಮೆ ನೋಡಿ. ಅಲ್ಲಿಯವರೆಗೆ ಹಳೆಯ ಕಾರ್ಡನ್ನು ಯಾರಿಗೂ ಕೊಡದೆ ಪೆಟ್ಟಿಗೆಯಲ್ಲಿಟ್ಟುಕೊಂಡಿರಿ.