ಲೇಖನದ ಮೊದಲ ಸಾಲಿಗೆ ಒಂದು ಸಲಹೆ

ಕೃಷಿಯೋ ಊರಿನ ಇತಿಹಾಸವೋ, ಏನೇ ಬರೆದರೂ ಕರಡು ಮುಗಿದ ಮೇಲೆ ಮೊದಲ ಪ್ಯಾರಾ ಮುಚ್ಚಿ ಎರಡನೆಯದರಿಂದ ಓದಿ. ಅರ್ಥಕ್ಕೆ ಕೊರತೆಯಾಗದಿದ್ದರೆ ಮೊದಲನೆಯದನ್ನು ಅಳಿಸಿಬಿಡಿ. ವಿಷಯಕ್ಕೆ ಇಳಿಯುವ ಮುನ್ನ ನಾವು ಸುತ್ತು ಹೊಡೆಯುವುದು ಅಲ್ಲೇ. "ಅಡಿಕೆ ಮಲೆನಾಡಿನ ಜೀವನಾಡಿ" ಎಂಬಂಥ, ಎಲ್ಲರಿಗೂ ಗೊತ್ತಿರುವ ಸಾಲು ನುಸುಳುವುದೂ ಅಲ್ಲೇ. ಬದಲಿಗೆ "ಅಡಿಕೆಗೆ ಕೊಳೆ ರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದರೆ ಕೊಳೆತ ಕಾಯಿ ಉಳಿಯದು; ಮಳೆ ಹಿಡಿಯುವ ಮೊದಲೇ ಗೊನೆಗೆ ದ್ರಾವಣ ತಾಗಿರಬೇಕು" ಎಂದು ಶುರುವಾದರೆ ತೋಟದವರು ಮುಂದೆ ಓದಿಯೇ ಓದುತ್ತಾರೆ. ಅಂಕಿಯಿಂದ ಆರಂಭಿಸುವಾಗ ಮಾತ್ರ ಎಚ್ಚರ: "ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1819 ಅಡಿ" ಎಂದರೆ ಅದಿರುವ ಸಾಗರ ತಾಲೂಕಿನವರಿಗೆ ತಟ್ಟುತ್ತದೆ, ದೂರದವರಿಗೆ ಅದು ಬರೀ ಸಂಖ್ಯೆ. ಶ್ರದ್ಧಾಂಜಲಿ ಬರಹಕ್ಕೆ ಈ ಉಪಾಯ ಬೇಡ; ತೀರಿಕೊಂಡವರು ಯಾರೆಂಬುದು ಅಲ್ಲಿ ಮೊದಲ ಸಾಲಿನಲ್ಲೇ ಇರಬೇಕು.