‘ಸದ್ಯಕ್ಕೆ’ ಅಂತ ಬರೆದು ಅಳಿಸಿದ ರಾತ್ರಿ

ನಾನು ಗಂಗಾವತಿ ತಾಲ್ಲೂಕಿನ ಹೊಳೆದಂಡೆಯ ಒಂದೂರಲ್ಲಿ ಹೈಸ್ಕೂಲ್ ವಿಜ್ಞಾನ ಮಾಸ್ತರ. ಊರಿನ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ನಾನೇ. ಈ ಎರಡನೇ ಕೆಲಸಕ್ಕೆ ಸಂಬಳ ಇಲ್ಲ, ಬೈಗುಳ ಮಾತ್ರ ಜಾಸ್ತಿ.

2024ರ ಆಗಸ್ಟ್ 10, ಶನಿವಾರ. ರಾತ್ರಿ ಹನ್ನೊಂದರ ಸುಮಾರಿಗೆ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ನನಗೆ ಗೊತ್ತಾಗಿದ್ದು ಹನ್ನೆರಡೂವರೆಗೆ. ಫೋನ್ ಒಂದೇ ಸಮ ಗುಂಯ್‌ಗುಡುತ್ತಿತ್ತು. "ಸರ, ಡ್ಯಾಂ ಒಡದೈತಂತ, ಖರೇನ್ರಿ?" ಅಂತ ಒಬ್ಬ. "ಎಮ್ಮಿ ಬಿಚ್ಚಲೇನ್ರಿ?" ಅಂತ ಇನ್ನೊಬ್ಬ. ಜೊತೆಗೊಂದು ವಿಡಿಯೋ. ಕಟ್ಟೆ ಒಡೆದು ಕೆಂಪು ನೀರು ಮನೆಗಳ ಮೇಲೆ ನುಗ್ಗುತ್ತಿದೆ. ಎದೆ ಧಸಕ್ ಅಂತು. ಎರಡನೇ ಸಲ ನೋಡಿದಾಗ ಹೊಳೆಯಿತು, ವಿಡಿಯೋದಲ್ಲಿ ಬಿಸಿಲಿದೆ. ನಮ್ಮಲ್ಲಿ ನಡುರಾತ್ರಿ.

ಗುಂಪಿಗೆ ಬರೆಯೋಕೆ ಕೂತೆ. ಬೆರಳು ತಾನಾಗೇ ಟೈಪ್ ಮಾಡಿತು: "ಸದ್ಯಕ್ಕೆ ಯಾವುದೇ ಅಪಾಯವಿಲ್ಲ. ಯಾರೂ ಆತಂಕ ಪಡಬೇಡಿ." ಕಳಿಸೋ ಬಟನ್ ಮೇಲೆ ಹೆಬ್ಬೆರಳು ಇಟ್ಟವನು ಹಾಗೇ ತಡೆದೆ. ಈ ಸಾಲಿನ ಕಥೆ ನನಗೆ ಹದಿಮೂರು ವರ್ಷದಿಂದ ಗೊತ್ತಿತ್ತು.

2011ರ ಮಾರ್ಚಲ್ಲಿ ನಾನು ರಾಯಚೂರಿನ ಒಂದು ಶಾಲೆಯಲ್ಲಿದ್ದೆ. ಮಾರ್ಚ್ 11ಕ್ಕೆ ಜಪಾನಿನಲ್ಲಿ 9ರ ತೀವ್ರತೆಯ ಭೂಕಂಪ, ಹಿಂದೆಯೇ ಸುನಾಮಿ. ಫುಕುಶಿಮಾ ದಾಯಿಚಿ ಅಣು ಸ್ಥಾವರದ ಕರೆಂಟ್ ಹೋಯಿತು, ಡೀಸೆಲ್ ಜನರೇಟರಿಗೆ ನೀರು ನುಗ್ಗಿತು, ರಿಯಾಕ್ಟರ್ ತಣ್ಣಗಿಡೋಕೆ ಆಗಲಿಲ್ಲ. ಆ ವಾರವೇ ನಮ್ಮ ಫೋನುಗಳಿಗೆ ಬಿಬಿಸಿ ಹೆಸರಲ್ಲಿ ಎಸ್ಸೆಮ್ಮೆಸ್ ಬಂತು. ಮಳೆ ಬಂದರೆ ಹೊರಗೆ ಹೋಗಬೇಡಿ, ಕುತ್ತಿಗೆಗೆ ಬೆಟಾಡಿನ್ (ಗಾಯಕ್ಕೆ ಹಚ್ಚೋ ಅಯೋಡಿನ್ ಔಷಧಿ) ಹಚ್ಚಿಕೊಳ್ಳಿ ಅಂತ. ಬಿಬಿಸಿ ಅಂಥದ್ದೇನೂ ಹೇಳಿರಲಿಲ್ಲ. ಫಿಲಿಪ್ಪೀನ್ಸ್ ಕಡೆಯೆಲ್ಲ ಓಡಾಡಿದ ಸುಳ್ಳು ಅದು. ಚೀನಾದಲ್ಲಂತೂ ಅಯೋಡಿನ್ ವಿಕಿರಣದಿಂದ ಕಾಪಾಡುತ್ತೆ ಅಂತ ಜನ ಅಯೋಡಿನ್ ಉಪ್ಪಿಗೆ ಅಂಗಡಿಗಳಿಗೆ ಮುಗಿಬಿದ್ದಿದ್ದರು. ಫುಕುಶಿಮಾ ರಾಯಚೂರಿನಿಂದ ಆರೂವರೆ ಸಾವಿರ ಕಿಲೋಮೀಟರ್ ದೂರ. ಆದರೂ ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಕುತ್ತಿಗೆ ತುಂಬ ಕಂದು ಬಣ್ಣ ಬಳಿದುಕೊಂಡು ಬಂದಳು. ಮಾರ್ಚ್ ತಿಂಗಳ ರಾಯಚೂರಲ್ಲಿ ಮಳೆಗೆ ಹೆದರೋದು! ಆದರೆ ನಗು ಬರಲಿಲ್ಲ. ಹಚ್ಚಿದ್ದು ಅವಳ ತಾಯಿ. ಆ ತಾಯಿಗೆ ಬೇರೆ ಯಾರೂ ಏನೂ ಹೇಳಿರಲಿಲ್ಲ.

ಅವಳಿಗೆ ಉತ್ತರ ಕೊಡೋಕೆ ಅಂತ ಓದೋಕೆ ಹಿಡಿದೆ, ಆಮೇಲೆ ಬಿಡೋಕೆ ಆಗಲಿಲ್ಲ.

ಜಪಾನ್ ಸರ್ಕಾರದ ಪರವಾಗಿ ಟೀವಿ ಮುಂದೆ ನಿಲ್ಲುತ್ತಿದ್ದವರು ಯುಕಿಯೊ ಎಡಾನೊ. ಮೊದಲ ದಿನಗಳಲ್ಲಿ ಜನರಿಗೆ ಅವರ ಮೇಲೆ ಅಕ್ಕರೆಯೇ ಇತ್ತು. ನಿದ್ದೆಗೆಟ್ಟ ಮುಖ ನೋಡಿ 'ಎಡಾನೊ, ಸ್ವಲ್ಪ ಮಲಗಿ' ಅಂತ ಟ್ವಿಟರಿನಲ್ಲಿ ಬರೆಯುತ್ತಿದ್ದರು. ಅಂದರೆ ನಂಬಿಕೆ ಕೈಯಲ್ಲೇ ಇತ್ತು. ಅವರು ಮತ್ತೆ ಮತ್ತೆ ಆಡಿದ ಮಾತು, ತಕ್ಷಣಕ್ಕೆ ಆರೋಗ್ಯಕ್ಕೆ ತೊಂದರೆ ಇಲ್ಲ ಅನ್ನೋದು. ಸುಳ್ಳು ಅನ್ನೋಕಾಗಲ್ಲ. ಆದರೆ ಮಕ್ಕಳಿರೋರ ಕಿವಿಗೆ 'ತಕ್ಷಣಕ್ಕೆ' ಅನ್ನೋದಷ್ಟೇ ನಾಟಿತು. ತಕ್ಷಣಕ್ಕಿಲ್ಲ, ಸರಿ, ಹತ್ತು ವರ್ಷ ಬಿಟ್ಟು? ನಮ್ಮ 'ಸದ್ಯಕ್ಕೆ' ಇದೆಯಲ್ಲ, ಅದು ಇದರ ಖಾಸಾ ಅಣ್ಣ.

ಮನೆ ಬಿಡಬೇಕಾದ ದೂರ ಮೊದಲು 3 ಕಿ.ಮೀ. ಇತ್ತು, ಆಮೇಲೆ 10 ಆಯಿತು, ಮಾರ್ಚ್ 12ರ ಸಂಜೆಗೆ 20. ಅಣು ಅಪಘಾತ ಎಷ್ಟು ದೊಡ್ಡದು ಅಂತ ಹೇಳೋ 7 ಹಂತದ ಅಂತರರಾಷ್ಟ್ರೀಯ ಅಳತೆಯಲ್ಲಿ ಮೊದಲು 4 ಅಂದರು, ಆಮೇಲೆ 5, ಏಪ್ರಿಲ್ 12ಕ್ಕೆ ಚೆರ್ನೋಬಿಲ್ ಸಮಕ್ಕೆ 7. ಹೊಸದು ಗೊತ್ತಾದಾಗ ಅಂಕಿ ಬದಲಾಗೋದು ಸಹಜ. ಆದರೆ ಬದಲಾಗಬಹುದು ಅಂತ ಮೊದಲೇ ಹೇಳದಿದ್ದರೆ ಪ್ರತಿ ತಿದ್ದುಪಡಿಯೂ ಸಿಕ್ಕಿಬಿದ್ದ ಸುಳ್ಳಿನ ಹಾಗೆ ಕಾಣುತ್ತೆ. ಇಂಧನ ಕರಗಿದೆ ಅಂತ ಒಪ್ಪಿದ್ದು ಮೇ ತಿಂಗಳಲ್ಲಿ. 'ಮೆಲ್ಟ್‌ಡೌನ್' ಅನ್ನೋ ಪದ ಬಳಸಬೇಡಿ ಅಂತ ಮೇಲಿನಿಂದ ಸೂಚನೆ ಇತ್ತು ಅಂತ ಸ್ಥಾವರ ನಡೆಸುತ್ತಿದ್ದ ಟೆಪ್ಕೊ ಕಂಪನಿ ಒಪ್ಪಿಕೊಂಡಿದ್ದು 2016ರಲ್ಲಿ!

ನನ್ನನ್ನ ಜಾಸ್ತಿ ಕಾಡಿದ್ದು ನಮಿಯೆ ಅನ್ನೋ ಊರು. ಅಲ್ಲಿನವರು ಸ್ಥಾವರದಿಂದ ದೂರ ಅಂತ ವಾಯವ್ಯಕ್ಕೆ, ತ್ಸುಶಿಮಾ ಅನ್ನೋ ಕಡೆಗೆ ಹೋದರು. ವಿಕಿರಣ ಹೊತ್ತ ಗಾಳಿಯೂ ಅದೇ ದಿಕ್ಕಿಗೆ ಹೋಯಿತು. ಗಾಳಿ ಎತ್ತ ಅಂತ ಲೆಕ್ಕ ಹಾಕೋ ಕಂಪ್ಯೂಟರ್ ವ್ಯವಸ್ಥೆ ಸರ್ಕಾರದ ಹತ್ತಿರ ಇತ್ತು, ಹೆಸರು ಸ್ಪೀಡಿ. ಅದರ ನಕ್ಷೆ ಮೊದಲು ಹೊರಗೆ ಬಂದಿದ್ದು ಮಾರ್ಚ್ 23ಕ್ಕೆ. ಲೆಕ್ಕ ಪಕ್ಕಾ ಇರಲಿಲ್ಲ ಅಂದರು. ಜನ ಗಾಬರಿಯಾಗ್ತಾರೆ ಅನ್ನೋ ಭಯ ಇತ್ತು ಅಂತಲೂ ಆಮೇಲೆ ಅಂದರು.

ಇದೆಲ್ಲ ತಲೆಯಲ್ಲಿ ಇದ್ದದ್ದಕ್ಕೇ ಆ ರಾತ್ರಿ ಬರೆದದ್ದನ್ನ ಅಳಿಸಿದೆ. ಡ್ಯಾಂ ಪಕ್ಕದ ಮುನಿರಾಬಾದಿನಲ್ಲಿರೋ ನನ್ನ ಹಳೇ ಶಿಷ್ಯನಿಗೆ ಫೋನ್ ಮಾಡಿದೆ. ಹೊಸಪೇಟೆ ಕಡೆಯ ಒಬ್ಬ ನೆಂಟರಿಗೂ ಮಾಡಿದೆ. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ಬರೆದೆ:

"ರಾತ್ರಿ 1:10. ಗೊತ್ತಿರೋದು: 19ನೇ ಗೇಟ್ ಒಂದೇ ಹೋಗಿದೆ, ಕಟ್ಟೆ ಒಡೆದಿಲ್ಲ. ಕಟ್ಟೆ ಮೇಲಿನ ಭಾರ ಇಳಿಸೋಕೆ ಬೇರೆ ಗೇಟ್ ತೆಗೀತಿದ್ದಾರೆ, ಹೊಳೆ ಏರುತ್ತೆ. ಗೊತ್ತಿಲ್ಲದ್ದು: ಎಷ್ಟು ಕ್ಯೂಸೆಕ್ಸ್ ಅಂತ. ಆ ವಿಡಿಯೋ ನಮ್ಮ ಡ್ಯಾಂದಲ್ಲ, ಅದರಲ್ಲಿ ಬಿಸಿಲಿದೆ ನೋಡಿ. ದನ, ಪಂಪ್‌ಸೆಟ್ ಮೇಲಕ್ಕೆ ತನ್ನಿ. ಮುಂದಿನ ಮೆಸೇಜ್ 2 ಗಂಟೆಗೆ, ಹೊಸದು ಇಲ್ಲದಿದ್ದರೂ."

2 ಗಂಟೆಗೆ ನಿಜಕ್ಕೂ ಹೊಸದೇನೂ ಇರಲಿಲ್ಲ. "ಹೊಸದೇನಿಲ್ಲ, ಮುಂದಿನದು 3ಕ್ಕೆ" ಅಂತ ಹಾಕಿದೆ. ತಮಾಷೆ ಅಂದರೆ, ಫೋನ್ ಬರೋದು ಕಡಿಮೆಯಾಗಿದ್ದು ಆ ಖಾಲಿ ಮೆಸೇಜಿನ ನಂತರ. ಮಾಸ್ತರ ಎಚ್ಚರ ಇದ್ದಾನೆ ಅಂತ ಗೊತ್ತಾಯಿತು, ಅಷ್ಟೇ ಅನ್ಸುತ್ತೆ.

ಇನ್ನೊಂದು ಕೆಲಸ ಮಾಡಿದೆ. ನಮ್ಮೂರ ಗುಡಿಯ ಮುಂದೆ ಹೊಳೆಗೆ ಇಳಿಯೋ ಹನ್ನೊಂದು ಮೆಟ್ಟಿಲಿವೆ. 2019ರ ಆಗಸ್ಟಲ್ಲಿ ಡ್ಯಾಂನಿಂದ ಎರಡು ಲಕ್ಷ ಕ್ಯೂಸೆಕ್ಸ್ ದಾಟಿ ಬಿಟ್ಟಾಗ ಹನ್ನೊಂದೂ ಮುಳುಗಿ ಗುಡಿ ಕಟ್ಟೆಗೆ ನೀರು ಬಂದಿತ್ತು. ಊರಿನ ಎಲ್ಲರಿಗೂ ಅದು ನೆನಪಿದೆ. ಇಬ್ಬರು ಹುಡುಗರನ್ನ ಬ್ಯಾಟರಿ ಕೊಟ್ಟು ಗುಡಿ ಕಟ್ಟೆ ಮೇಲೇ ಕೂರಿಸಿದೆ, ಕೆಳಗೆ ಇಳಿಯೋ ಹಾಗಿಲ್ಲ ಅಂತ ಗದರಿಸಿ. ಅರ್ಧ ಗಂಟೆಗೊಮ್ಮೆ ಎಷ್ಟನೇ ಮೆಟ್ಟಿಲು ಅಂತ ಗುಂಪಿಗೆ ಹಾಕೋದು ಅವರ ಡ್ಯೂಟಿ. ಬೆಳಗ್ಗೆ ಒಂದು ಲಕ್ಷ ಕ್ಯೂಸೆಕ್ಸ್ ಸುದ್ದಿ ಬಂದಾಗ "2019ರ ಅರ್ಧ" ಅಂತ ಬರೆದೆ. ಅಷ್ಟು ಸಾಕಾಯಿತು.

ತಪ್ಪೂ ಮಾಡಿದೆ. "4 ಗಂಟೆ ಒಳಗೆ ಏಳನೇ ಮೆಟ್ಟಿಲು ಮುಳುಗುತ್ತೆ" ಅಂತ 3ಕ್ಕೆ ಜೋರಾಗಿ ಹಾಕಿದ್ದೆ. 4ಕ್ಕೆ ನೀರು ಇನ್ನೂ ನಾಲ್ಕನೇದರಲ್ಲಿ. "ಮಾಸ್ತರ ಲೆಕ್ಕ ಫೇಲ್" ಅಂತ ಒಬ್ಬ ನಗುವ ಗೊಂಬೆ ಹಾಕಿದ. ಡಿಲೀಟ್ ಮಾಡೋಣ ಅನ್ನಿಸಿತು. ಮಾಡಲಿಲ್ಲ. ಅದರ ಕೆಳಗೇ ಬರೆದೆ: "ನನ್ನ ಲೆಕ್ಕ ತಪ್ಪು. ಎಲ್ಲ ಗೇಟ್ ಒಟ್ಟಿಗೇ ತೆಗೀತಾರೆ ಅಂದುಕೊಂಡಿದ್ದೆ, ಒಂದೊಂದಾಗಿ ತೆಗೀತಿದ್ದಾರೆ. ನೀರು ಬರುತ್ತೆ, ತಡವಾಗಿ." ಏಳನೇ ಮೆಟ್ಟಿಲು ಮುಳುಗಿದ್ದು ಬೆಳಗ್ಗೆ.

ಹೊತ್ತೇರಿದ ಮೇಲೆ ಒಂದು ಕಚೇರಿಯ ಪ್ರಕಟಣೆಯೂ ಕೈಗೆ ಬಂತು. ಆತಂಕ ಪಡುವ ಅಗತ್ಯವಿಲ್ಲ, ಪರಿಸ್ಥಿತಿ ಹತೋಟಿಯಲ್ಲಿದೆ ಅಂತ ಇತ್ತು. ಹೊತ್ತು ಇಲ್ಲ, ಅಂಕಿ ಇಲ್ಲ. ಅದನ್ನ ಓದಿದ ನಮ್ಮ ಪಕ್ಕದ ಮನೆಯವರು ತಕ್ಷಣ ಭತ್ತದ ಚೀಲ ಅಟ್ಟಕ್ಕೆ ಏರಿಸೋಕೆ ಶುರು ಮಾಡಿದರು.

ಆಗಸ್ಟ್ 17ರ ಹೊತ್ತಿಗೆ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ (ಒಂದರ ಮೇಲೊಂದು ಕೂರಿಸೋ ಉಕ್ಕಿನ ತಡೆ) ಇಳಿಸಿ ಗೇಟ್ ಬಾಯಿ ಮುಚ್ಚಿದರು. ಅಷ್ಟರಲ್ಲಿ ಊರಿನ ಚಿಂತೆ ಬೇರೆ ಆಗಿತ್ತು: ಇಷ್ಟು ನೀರು ಹೋದರೆ ಎರಡನೇ ಬೆಳೆಗೆ ಏನು?

ಕೆಲವು ತಿಂಗಳ ನಂತರ ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ನೋಡ್ತಿದ್ದಾರೆ ಅನ್ನೋ ಸುದ್ದಿ ಹರಿದಾಡಿತು. ಗುಡಿ ಕಟ್ಟೆ ಮೇಲೆ ನನ್ನನ್ನ ಕೂರಿಸಿಕೊಂಡು ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಮೈಗೆ ತಾಗೋ ವಿಕಿರಣ ಅಳೆಯೋ ಮಿಲಿಸೀವರ್ಟ್ ಅಂದರೇನು, ಏನೂ ಅಪಘಾತ ಇಲ್ಲದಾಗಲೂ ಮಣ್ಣು, ಕಲ್ಲು, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತೆ, ಹೀಗೆ. ಒಬ್ಬ ಹಿರಿಯರು ಸುಮ್ನೆ ಕೇಳುತ್ತಿದ್ದರು. ಕೊನೆಗೆ ಅಂದರು, "ಹೊಳಿ ಆದ್ರ ಮೆಟ್ಲು ಎಣಿಸ್ತೀವಿ. ಇದು ಕಣ್ಣಿಗೇ ಕಾಣಂಗಿಲ್ಲ. ಯಾವ ಮೆಟ್ಲು ಎಣಿಸೋದು?"

ಫುಕುಶಿಮಾದಲ್ಲೂ ಇದೇ ಗೋಳು. ಅದಕ್ಕೇ ಸೇಫ್‌ಕಾಸ್ಟ್ ಅನ್ನೋ ಗುಂಪಿನವರು ಕಾರಿಗೆ ವಿಕಿರಣ ಅಳೆಯೋ ಮೀಟರ್ ಕಟ್ಟಿಕೊಂಡು ರಸ್ತೆ ರಸ್ತೆ ಅಳೆದು, ಎಲ್ಲರಿಗೂ ಕಾಣೋ ಹಾಗೆ ಅಂಕಿ ಹಾಕಿದರು. ಸರ್ಕಾರವೂ ಆಮೇಲೆ ಶಾಲೆ, ಪಾರ್ಕುಗಳಲ್ಲಿ ಅಂಕಿ ತೋರಿಸೋ ಮೀಟರ್ ನಿಲ್ಲಿಸಿತು. ಅದನ್ನ ಹೇಳಿದೆ. ಸ್ಥಾವರ ಬರಲಿ ಬಿಡಲಿ, ಬರೋದಾದರೆ ಬರೋ ಮೊದಲೇ ಅಂಥ ಮೀಟರ್ ಊರೂರಿಗೆ ಕೇಳಬೇಕು, ಈಗಿನ ಅಂಕಿ ಎಷ್ಟು ಅಂತ ಬರೆದಿಟ್ಟುಕೊಳ್ಳಬೇಕು ಅಂದೆ. ಹಿರಿಯರು ತಲೆಯಾಡಿಸಿದರು. ಎದ್ದು ಪಂಚೆ ಕೊಡವಿಕೊಂಡು ಇನ್ನೊಂದು ಕೇಳಿದರು, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

"ಅದರ ಕೀಲಿ ಯಾರ ಕೈಯಾಗ ಇರತೈತ್ರಿ ಮಾಸ್ತರ?"